ತಗಡಿನ ಗೋಡೆಗೊಂದು ಬಾಗಿಲು

ಖಾರ್‌ಘರ್‌ನಲ್ಲಿ ಪ್ರಫುಲ್ಲಾ ಸುವರ್ಣ ಪೋಳಿ-ಭಾಜಿಯ ಅಂಗಡಿ ತೆರೆದಾಗ ಆ ಸೆಕ್ಟರಿನ ಅರ್ಧ ಕಟ್ಟಡಗಳಿಗೆ ಇನ್ನೂ ಕರೆಂಟಿನ ಮೀಟರು ಬಂದಿರಲಿಲ್ಲ. ಅದು ಎರಡು ಸಾವಿರದ ಆರನೇ ಇಸವಿ. ಡೊಂಬಿವಲಿಯ ಬಾಡಿಗೆ ಮನೆಗಳಲ್ಲಿ ಹನ್ನೊಂದು ವರ್ಷ ಕಳೆದ ಮೇಲೆ ಅವಳೂ ಗಂಡ ಭುಜಂಗನೂ ಇಲ್ಲಿ ಎರಡನೇ ಮಾಳಿಗೆಯಲ್ಲಿ ಒಂದು ಮನೆ, ಅದೇ ಕಟ್ಟಡದ ಕೆಳಗೆ ರಸ್ತೆಗೆ ಮುಖ ಮಾಡಿದ ಒಂದು ಅಂಗಡಿ ಕೋಣೆ ತೆಗೆದುಕೊಂಡಿದ್ದರು. ಭುಜಂಗ ಬೇಲಾಪುರದ ಹೋಟೆಲೊಂದರಲ್ಲಿ ಮ್ಯಾನೇಜರು. ಬೆಳಗಾಗುವ ಮೊದಲು ಹೋದರೆ ಮಧ್ಯಾಹ್ನ ಒಮ್ಮೆ ಬಂದು ಮಲಗೆದ್ದು ಮತ್ತೆ ಹೋಗುವವನು. ಮಕ್ಕಳಾಗಲಿಲ್ಲ. ಸುಮ್ಮನೆ ಕೂರುವುದು ಪ್ರಫುಲ್ಲಾಳ ಜಾಯಮಾನದಲ್ಲೇ ಇರಲಿಲ್ಲ.

ಕಟಪಾಡಿಯ ಹೆಣ್ಣು. ಮದುವೆಯಾಗಿ ಬಂದಾಗ ಮರಾಠಿಯ ಒಂದಕ್ಷರ ಬಾರದು. ಡೊಂಬಿವಲಿಯ ನೆರೆಮನೆಯ ಹೆಂಗಸರ ಜೊತೆ ನೀರಿನ ನಲ್ಲಿಗಾಗಿ ಜಗಳ ಆಡಿ ಆಡಿ ಆ ಭಾಷೆ ಕಲಿತಳು, ಅವರಿಂದಲೇ ಪೋಳಿ ಮಾಡುವುದನ್ನೂ ಕಲಿತಳು. ಕಾಗದದಷ್ಟು ತೆಳ್ಳಗಿನ, ಮಡಿಸಿದರೆ ಮುರಿಯದ ಚಪಾತಿ. ಐದಾರು ವರ್ಷದಲ್ಲಿ ಅವರಿಗೇ "ನಿಮ್ಮ ಹಿಟ್ಟು ಸರಿಯಾಗಿ ನೆನೆದಿಲ್ಲ" ಎಂದು ಹೇಳುವಷ್ಟು ಪಳಗಿದಳು. ಖಾರ್‌ಘರ್‌ಗೆ ಬಂದ ಮೇಲೆ ಬೀದಿದೀಪಕ್ಕೆ, ಗಟಾರಕ್ಕೆ, ಬಸ್ ನಿಲ್ಲಿಸುವುದಕ್ಕೆ ಎಂದು ಎಲ್ಲದಕ್ಕೂ ಅರ್ಜಿ ಬರೆಯುವವಳು ಅವಳೇ. ಬಸ್ ನಿಂತಿತು, ದೀಪ ಉರಿಯಿತು. ಆಗೆಲ್ಲ ಅವಳು ತಮ್ಮ ಕಟ್ಟಡದ ಹೌಸಿಂಗ್ ಸೊಸೈಟಿಯ ಗೇಟಿನಲ್ಲಿ ನಿಂತು ನಾಲ್ಕು ಜನಕ್ಕೆ ಕೇಳುವಂತೆ, "ನಾನು ಹೇಳಿದ್ದೆ ಅಲ್ವಾ?" ಅನ್ನುತ್ತಿದ್ದಳು. ಗೆಲ್ಲುವುದೆಂದರೆ ಅವಳಿಗೆ ತುಂಬ ಇಷ್ಟ.

ಅಂಗಡಿ ತೆರೆದ ಮರುವರ್ಷ ದ್ರೌಪದಿ ಬಂದಳು. ಕೊಪ್ಪಳದ ಕಡೆಯವಳು, ಗಂಡ ಹುಲಗಪ್ಪ ತಳೋಜಾದ ರಾಸಾಯನಿಕ ಕಾರ್ಖಾನೆಯಲ್ಲಿ ಗೋಣಿಚೀಲ ಹೊರುವವನು. ಸೊಂಟದಲ್ಲಿ ಐದು ವರ್ಷದ ಮಗಳು ಪೂಜಿತಾಳನ್ನು ಕೂರಿಸಿಕೊಂಡು ಬಂದವಳು, "ಅಕ್ಕಾ, ರೊಟ್ಟಿ ಬಡಿತೇನಿ, ಚಪಾತಿ ಲಟ್ಟಿಸ್ತೇನಿ, ಏನ್ ಬೇಕಾದ್ರೂ ಮಾಡ್ತೇನಿ, ಒಂದು ಕೆಲಸ ಕೊಡ್ರಿ" ಎಂದಳು. ಪ್ರಫುಲ್ಲಾ ಅವಳ ಮುಂದೆ ಹಿಟ್ಟಿನ ಪಾತ್ರೆ ತಳ್ಳಿದಳು. ದ್ರೌಪದಿ ಮಗಳ ಜೊತೆ ಮಾತಾಡುತ್ತಲೇ, ಮಣೆಯ ಕಡೆ ನೋಡದೆ, ಇಪ್ಪತ್ತು ಪೋಳಿ ಲಟ್ಟಿಸಿದಳು. ಇಪ್ಪತ್ತೂ ಒಂದೇ ಅಳತೆ.

ಅಂದಿನಿಂದ ಆರು ವರ್ಷ ಅವರಿಬ್ಬರೂ ಒಂದೇ ಒಲೆಯ ಮುಂದೆ ಬೆವತರು. ಪ್ರಫುಲ್ಲಾ ಬೈಯುವಳು, ದ್ರೌಪದಿ ನಗುವಳು. ಮೂರು ಗಂಟೆಗೆ ಗಿರಾಕಿ ಕರಗಿದ ಮೇಲೆ ಇಬ್ಬರೂ ನೆಲಕ್ಕೆ ಕೂತು ಒಂದೇ ತಟ್ಟೆಯಲ್ಲಿ ಉಣ್ಣುವರು. ಒಬ್ಬಳ ಕರಾವಳಿಯ ಕನ್ನಡ ಇನ್ನೊಬ್ಬಳಿಗೆ ಮೊದಮೊದಲು ಪುಸ್ತಕ ಓದಿದ ಹಾಗೆ ಕೇಳುತ್ತಿತ್ತು, ಆಮೇಲೆ ಪ್ರಫುಲ್ಲಾಳೇ ಸಿಟ್ಟು ಬಂದಾಗ "ಏನ್ ಮಾಡ್ಲಿಕ್ಕತ್ತೀ ನೀನು?" ಅನ್ನತೊಡಗಿದಳು. ಭುಜಂಗ ಕೇಳಿ ನಕ್ಕಿದ್ದ.

ಮೆಟ್ರೋ ಬರುತ್ತದೆ ಎಂಬ ಸುದ್ದಿಗೆ ಎಲ್ಲರಿಗಿಂತ ಹೆಚ್ಚು ಕುಣಿದವಳು ಪ್ರಫುಲ್ಲಾ. ಸ್ಟೇಶನ್ ತನ್ನ ಅಂಗಡಿಯ ಎದುರಿಗೇ ಎಂದು ತಿಳಿದಾಗ, ಅಂಗಡಿಯ ಮುಂದಿನ ಫುಟ್‌ಪಾತಿಗೆ ಶೀಟು ಹಾಕಿಸಿ, ಎರಡು ದೊಡ್ಡ ಒಲೆ ಇಡಲು ಶೆಡ್ ಮಾಡಿಸಿದಳು. ಆ ಜಾಗ ಅವಳದ್ದಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ಖಾರ್‌ಘರ್‌ನಲ್ಲಿ ಆಗ ಯಾರೂ ಅದನ್ನು ಕೇಳುತ್ತಿರಲಿಲ್ಲ.

ಎರಡು ಸಾವಿರದ ಹನ್ನೆರಡರಲ್ಲಿ ಕೆಲಸದವರು ಬಂದರು. ರಸ್ತೆಯ ನಡುವೆ ಆಳೆತ್ತರದ ತಗಡಿನ ಹಾಳೆಗಳನ್ನು ಸಾಲಾಗಿ ನಿಲ್ಲಿಸಿದರು. ಒಂದೇ ವಾರದಲ್ಲಿ ಈ ಬದಿಯವರಿಗೆ ಆ ಬದಿ ಕಾಣದಾಯಿತು. ಎದುರಿನ ಸೊಸೈಟಿಯವರು ಪೋಳಿಗೆ ಬರಬೇಕೆಂದರೆ ಚೌಕದವರೆಗೆ ಹೋಗಿ ಸುತ್ತಿ ಬರಬೇಕು, ಹತ್ತು ನಿಮಿಷದ ದಾರಿ. ಬರುವುದನ್ನು ಬಿಟ್ಟರು. ಮುದುಕರು ಆ ಬದಿಯ ದವಾಖಾನೆಗೆ ಹೋಗಲು ರಿಕ್ಷಾ ಹಿಡಿಯತೊಡಗಿದರು.

ಪ್ರಫುಲ್ಲಾ ಅರ್ಜಿ ಬರೆದಳು: ತಗಡಿನ ಗೋಡೆಯಲ್ಲಿ ಜನ ದಾಟಲು ಒಂದು ಬಾಗಿಲು ಬಿಡಬೇಕು. ನೂರಾ ಎಂಬತ್ತು ಸಹಿ ಹಾಕಿಸಿದಳು. ಬೇಲಾಪುರದ ಮೆಟ್ರೋ ಆಫೀಸಿಗೆ ಏಳು ಸಲ ಹೋದಳು. ಅಲ್ಲಿ ಕಂತ್ರಾಟದಾರರನ್ನು ಕೇಳಿ ಎಂದರು, ಕಂತ್ರಾಟದಾರರು ಆಫೀಸನ್ನು ಕೇಳಿ ಎಂದರು. ಕೊನೆಗೆ ಅವಳು ರಸ್ತೆಯಾಚೆ, ತಗಡಿನ ಹಿಂದೆ ಇದ್ದ ಸೈಟ್ ಆಫೀಸಿಗೇ ನುಗ್ಗಿದಳು. ಕಂತ್ರಾಟು ಕಂಪನಿಯ ಪರವಾಗಿ ಅಲ್ಲಿ ಎಲ್ಲ ನೋಡಿಕೊಳ್ಳುತ್ತಿದ್ದವನು ಗಾವಂಡ್ ಎಂಬವನು. ಸಮಾಧಾನದ ಮನುಷ್ಯ, ಮಾತಿಗೊಮ್ಮೆ "ತಾಯಿ" ಅನ್ನುವವನು.

"ಬಾಗಿಲು ಬಿಡ್ತೇನೆ ತಾಯಿ. ಆದರೆ ನನ್ನ ಮೇಲಿನವರಿಗೆ ಒಂದು ಕಾಗದ ಬೇಕು. ಜನರೇ ಕೇಳಿದರು, ಅಲ್ಲಿ ಹೆಚ್ಚುಕಮ್ಮಿಯಾದರೆ ಕೇಳಿದವರದ್ದೇ ಜವಾಬ್ದಾರಿ, ಅಂತ. ಬರೀ ನಿಯಮಕ್ಕೆ."

ಪ್ರಫುಲ್ಲಾ ಓದಿದಳು. ಓದಿಯೇ ಸಹಿ ಹಾಕಿದಳು.

ಬಾಗಿಲು ತೆರೆದ ದಿನ ಸೊಸೈಟಿಯ ಕಾರ್ಯದರ್ಶಿ ಅವಳಿಗೆ ಸೇವಂತಿಗೆ ಹಾರ ಹಾಕಿದ, ತೆಂಗಿನಕಾಯಿ ಒಡೆದರು, ಅವಳು ಎಲ್ಲರಿಗೂ ಶಿರಾ ಹಂಚಿದಳು. ಹಂಚುತ್ತಿದ್ದ ದ್ರೌಪದಿ ಆ ಕಡೆ ಓಡಾಡುತ್ತಿದ್ದ ಲಾರಿಗಳನ್ನು ನೋಡಿ, "ಬಾಗಲಾ ಮಾಡಿಸೀರಿ, ಚಲೋ ಆತು. ಕಾಯಾಕ ಒಬ್ಬ ಮನಶ್ಯಾನ್ನೂ ಇಡಸ್ರಿ ಅಕ್ಕಾ" ಎಂದಳು.

"ಇಟ್ಟಿದ್ದಾರೆ ಮಾರಾಯ್ತಿ, ಅಗೋ ನೋಡು" ಎಂದು ಪ್ರಫುಲ್ಲಾ ಕೆಂಪು ಬಾವುಟ ಹಿಡಿದು ನಿಂತಿದ್ದವನನ್ನು ತೋರಿಸಿದಳು.

ಆ ಬಾವುಟದವನು ಐದು ತಿಂಗಳು ಇದ್ದ. ಅಷ್ಟರಲ್ಲಿ ಕಂಪನಿಯ ಸ್ಥಿತಿ ಕೆಟ್ಟಿತೆಂದು ಸುದ್ದಿಯಾಯಿತು. ಆಫೀಸಿಗೂ ಕಂಪನಿಗೂ ಜಟಾಪಟಿ. ಅರ್ಧದಷ್ಟು ಕೂಲಿಯವರು ಹೋದರು, ಒಂದು ಕ್ರೇನು ಹೋಯಿತು, ಬಾವುಟದವನೂ ಹೋದ. ಸೈಟಿನ ಆ ತುದಿಯಲ್ಲಿ ಗಾಡಿಗಳಿಗೆಂದೇ ಇದ್ದ ಗೇಟಿಗೆ ಯಾವುದೋ ಜಮೀನಿನ ತಕರಾರು ಬಂದು ಬೀಗ ಬಿತ್ತು. ಒಂದು ಬೆಳಿಗ್ಗೆ ನೋಡಿದರೆ ಪ್ರಫುಲ್ಲಾಳ ಬಾಗಿಲಿನ ಎರಡೂ ಕಡೆಯ ತಗಡು ಕಿತ್ತು, ಲಾರಿ ಹೋಗುವಷ್ಟು ಅಗಲ ಮಾಡಿದ್ದರು. ಜನ ನಡೆಯುವ ದಾರಿಯಲ್ಲೇ ಸಿಮೆಂಟಿನ ಮಿಕ್ಸರ್ ಗಾಡಿಗಳು ಹಿಮ್ಮುಖವಾಗಿ ಹೊರಬರತೊಡಗಿದವು.

ಅವಳು ನೋಡಿದಳು. ಅರ್ಜಿ ಬರೆಯಬೇಕೆಂದೂ ಅಂದುಕೊಂಡಳು. ಆದರೆ ಆ ಹೊತ್ತಿಗೆ ಸೈಟ್ ಆಫೀಸಿನ ಹದಿನಾಲ್ಕು ಜನರ ಮಧ್ಯಾಹ್ನದ ಊಟ ಅವಳ ಅಂಗಡಿಯಿಂದ ಹೋಗುತ್ತಿತ್ತು. ದಿನವೂ ಹನ್ನೆರಡೂವರೆಗೆ ಡಬ್ಬಿಗಳ ಎರಡು ಚೀಲ ಹಿಡಿದು ಅವಳೇ ದಾಟಿ ಹೋಗಿ ಕೊಟ್ಟು ಬರುವಳು. ಗಾವಂಡ್ ಸಾಹೇಬ ಕುರ್ಚಿ ಹಾಕಿಸುವನು. ಅಂಥವನ ಮೇಲೆ ಬರೆಯಲು ಕೈ ಬರಲಿಲ್ಲ.

ಎರಡು ಸಾವಿರದ ಹದಿಮೂರು, ಗಣಪತಿ ವಿಸರ್ಜನೆ ಮುಗಿದ ಮರುವಾರ. ಹನ್ನೆರಡೂವರೆಯ ಹೊತ್ತಿಗೆ ಊರಿನಿಂದ ನಾದಿನಿಯ ಫೋನು ಬಂತು. ಮನೆಯ ಪಾಲಿನ ಮಾತು, ಬಿಡುವ ಹಾಗಿರಲಿಲ್ಲ. ಪ್ರಫುಲ್ಲಾ ಫೋನನ್ನು ಕಿವಿಗೆ ಒತ್ತಿಕೊಂಡೇ, ಚೀಲಗಳ ಕಡೆ ಕಣ್ಣು ಮಾಡಿ, "ಇವತ್ತು ನೀನೇ ಕೊಟ್ಟು ಬಾ" ಎಂದಳು.

ದ್ರೌಪದಿ ಕೈಯ ಹಿಟ್ಟು ಒರೆಸಿಕೊಂಡು ಎರಡೂ ಕೈಗೆ ಒಂದೊಂದು ಚೀಲ ಎತ್ತಿಕೊಂಡಳು. ಸೆರಗು ಜಾರಿದರೆ ಸರಿಮಾಡಲು ಕೈಯಿಲ್ಲದೆ ಹಲ್ಲಿನಲ್ಲಿ ಕಚ್ಚಿಕೊಂಡು ನಡೆದಳು. ಪ್ರಫುಲ್ಲಾ ಕೌಂಟರಿನ ಹಿಂದೆ ನಿಂತು ಮಾತಾಡುತ್ತಾ ಅವಳನ್ನೇ ನೋಡುತ್ತಿದ್ದಳು. ದ್ರೌಪದಿ ತಗಡಿನ ಅಂಚಿಗೆ ಹೋಗಿ, ಒಮ್ಮೆ ನಿಂತು, ಹೆಜ್ಜೆ ಇಟ್ಟಳು. ತಗಡಿನ ಹಿಂದಿನಿಂದ ಮಿಕ್ಸರ್ ಗಾಡಿಯ ಹಿಂಭಾಗ ಬಂತು. ಹಾರ್ನ್ ಇಲ್ಲ, ಹಿಂದೆ ನಿಂತು ಕೂಗುವವರಿಲ್ಲ. ಡಬ್ಬಿಗಳು ಚೆಲ್ಲಾಡಿದ ಸದ್ದು ಮೊದಲು ಕೇಳಿತು. ಗಾಡಿ ನಿಲ್ಲಲಿಲ್ಲ. ಡ್ರೈವರನಿಗೆ ಗೊತ್ತಾಗುವ ಹೊತ್ತಿಗೆ ಹಿಂದಿನ ಎರಡೂ ಗಾಲಿ ಅವಳ ಸೊಂಟದ ಮೇಲೆ ಹಾದುಹೋಗಿದ್ದವು.

ಅವಳು ತಕ್ಷಣ ಸಾಯಲಿಲ್ಲ. ಅದನ್ನು ಪ್ರಫುಲ್ಲಾ ಆಮೇಲೆ ಯಾರಿಗೂ ಹೇಳಲಿಲ್ಲ. ಹತ್ತಿರ ಓಡಿದಾಗ ದ್ರೌಪದಿ ಕಣ್ಣು ಬಿಟ್ಟುಕೊಂಡು, "ಡಬ್ಬಿ ಚೆಲ್ಲಿದ್ವು ಅಕ್ಕಾ" ಎಂದಳು. ಆಂಬುಲೆನ್ಸ್ ತಗಡಿನ ಆ ಬದಿಗೆ ಬಂದು, ಬಾಗಿಲಿಗೆ ಅಡ್ಡ ನಿಂತಿದ್ದ ಮಿಕ್ಸರಿನಿಂದ ದಾರಿ ಸಿಗದೆ, ಚೌಕ ಸುತ್ತಿಕೊಂಡು ಈ ಬದಿಗೆ ಬರುವಷ್ಟರಲ್ಲಿ ಉಸಿರು ನಿಂತಿತ್ತು.

ಸಂಜೆ ಪೊಲೀಸರು ಹೇಳಿಕೆ ಬರೆದುಕೊಳ್ಳಲು ಕರೆದರು. ಕಣ್ಣಾರೆ ಕಂಡವಳು ಅವಳೊಬ್ಬಳೇ. ಠಾಣೆಯ ಹೊರಗಿನ ಬೆಂಚಿನಲ್ಲಿ ಗಾವಂಡ್ ಕೂತಿದ್ದ. ಅವನ ಕೈಯಲ್ಲಿ ಒಂದು ಫೈಲು. ಅವಳ ಪಕ್ಕಕ್ಕೆ ಸರಿದು, ಮೆಲ್ಲಗೆ ತೆರೆದು ತೋರಿಸಿದ. ಅವಳದ್ದೇ ಸಹಿ.

"ನಾನು ಇದನ್ನು ಹೊರಗೆ ತೆಗೆಯೋದಿಲ್ಲ ತಾಯಿ. ತೆಗೆದರೆ ನಿಮ್ಮ ಹೆಸರೂ ಕೇಸಿನಲ್ಲಿ ಬರುತ್ತದೆ. ತನಿಖೆಗೆ ಬಂದವರು ಫುಟ್‌ಪಾತ್ ಅಳೀತಾರೆ, ನಿಮ್ಮ ಶೆಡ್ ನೋಡ್ತಾರೆ. ಯಾಕೆ ಬೇಕು ಅದೆಲ್ಲ?" ಫೈಲು ಮುಚ್ಚಿ ಕೇಳಿದ, "ಅವಳು ಫೋನಿನಲ್ಲಿ ಮಾತಾಡ್ತಾ ಹೋಗ್ತಿದ್ದಳಾ?"

ಪ್ರಫುಲ್ಲಾ ಠಾಣೆಯ ಬಾಗಿಲಿನ ಕಡೆ ನೋಡಿದಳು.

"ಈಗ ಎಲ್ಲರೂ ಹಾಗೇ ಅಲ್ವಾ. ಹೋದವಳು ಹೇಗೂ ಬರೋದಿಲ್ಲ."

ಒಳಗೆ ಹವಾಲ್ದಾರ ಬರೆಯುತ್ತಾ ಕೇಳಿದ. ಮೃತೆ ರಸ್ತೆ ದಾಟುವಾಗ ಏನು ಮಾಡುತ್ತಿದ್ದಳು? ಒಂದು ಕ್ಷಣ ಪ್ರಫುಲ್ಲಾಳಿಗೆ ಹಲ್ಲಿನಲ್ಲಿ ಕಚ್ಚಿದ ಸೆರಗು ಕಂಡಿತು. ಅವಳು, "ಫೋನಿನಲ್ಲಿ ಮಾತಾಡುತ್ತಿದ್ದಳು" ಎಂದಳು.

"ಯಾವ ಕೈಯಲ್ಲಿ?"

"ಬಲಗೈಯಲ್ಲಿ."

ಕೆಳಗೆ ಸಹಿ ಹಾಕಿದಳು.

ಮನೆಗೆ ಬಂದು ಭುಜಂಗನಿಗೆ, ದ್ರೌಪದಿಯ ಕೊನೆಯ ಮಾತೊಂದನ್ನು ಬಿಟ್ಟು, ತುಳುವಿನಲ್ಲಿ ಎಲ್ಲ ಹೇಳಿದಳು. ಅವನು ಷರ್ಟಿನ ಗುಂಡಿ ಬಿಚ್ಚುತ್ತಿದ್ದವನು ಹಾಗೇ ನಿಂತ. "ಅವಳ ಎರಡೂ ಕೈಯಲ್ಲಿ ನಮ್ಮ ಡಬ್ಬಿ ಇತ್ತು ಅಂತ ಈಗ ತಾನೇ ಹೇಳಿದೆಯಲ್ಲ?"

"ಹೌದು."

"ಮತ್ತೆ?"

"ಮತ್ತೆ ಏನು? ನನ್ನನ್ನು ಜೈಲಿಗೆ ಹಾಕಿದರೆ ನೀವು ಬಿಡಿಸ್ತೀರಾ?" ಎಂದು ಅವಳು ಕಿರುಚಿದಳು. ಭುಜಂಗ ಮತ್ತೆ ಆ ಮಾತು ಎತ್ತಲಿಲ್ಲ. ಎತ್ತಬಹುದಿತ್ತು. ಅವನೂ ಎತ್ತಲಿಲ್ಲ.

ಹದಿಮೂರನೇ ದಿನ ಕಳೆದ ಮೇಲೆ ಹುಲಗಪ್ಪ ಅಂಗಡಿಗೆ ಬಂದ. ಗಿರಾಕಿಗಳಿದ್ದರು. ಅವರೆಲ್ಲ ಹೋಗುವವರೆಗೆ ಬದಿಯಲ್ಲಿ ನಿಂತಿದ್ದು, ಆಮೇಲೆ ಕೌಂಟರಿನ ಹತ್ತಿರ ಬಂದ. ಸಿಟ್ಟಿನ ಮುಖವಲ್ಲ. ಏನೋ ಅರ್ಥವಾಗದೆ ಕೇಳಲು ಬಂದವನ ಮುಖ.

"ಅಕ್ಕಾರ, ಪೊಲೀಸ್ನೋರು ಹೇಳಿದ್ರು, ಆಕಿ ಫೋನಿನ್ಯಾಗ ಮಾತಾಡ್ಕೋತ ಹೊಂಟಿದ್ಲು ಅಂತ. ನಮ್ಮ ಮನ್ಯಾಗ ಇರೋದು ಒಂದ ಫೋನ್ರಿ. ಅವತ್ತ ಅದು ನನ್ನ ಕಿಸೆದಾಗಿತ್ತು. ಆಕಿ ಕೈಯಾಗ ಯಾವ ಫೋನ್ ಇತ್ತ್ರಿ?"

ಪ್ರಫುಲ್ಲಾ ಕಾದ ಕಾವಲಿಯ ಮೇಲಿನ ಪೋಳಿ ತಿರುವಿ ಹಾಕಿದಳು. "ನನಗೆ ಕಂಡದ್ದು ಹೇಳಿದೆ ಹುಲಗಪ್ಪ."

"ನಿಮ್ಮದೇನಾರ ಕೊಟ್ಟಿದ್ರೇನ್ರಿ?"

ಅವಳು ತಲೆಯಲ್ಲಾಡಿಸಿದಳು. ಅದು ಹೌದೋ ಅಲ್ಲವೋ ಅವಳಿಗೇ ತಿಳಿಯಲಿಲ್ಲ. ಹುಲಗಪ್ಪ ಒಲೆಯ ಪಕ್ಕ ಗೂಟಕ್ಕೆ ತೂಗಿದ್ದ ದ್ರೌಪದಿಯ ಹಳೇ ಸ್ವೆಟರನ್ನು ತೋರಿಸಿ, "ಅದು ಒಯ್ಲೇನ್ರಿ?" ಎಂದು ಕೇಳಿ, ತೆಗೆದುಕೊಂಡು ಹೋದ. ತಿಂಗಳೊಪ್ಪತ್ತಿನಲ್ಲಿ ಖೋಲಿ ಖಾಲಿ ಮಾಡಿ, ಮಗಳನ್ನು ಕರೆದುಕೊಂಡು ವಿಠ್ಠಲವಾಡಿಯಲ್ಲಿದ್ದ ಅಣ್ಣನ ಹತ್ತಿರ ಹೋದನೆಂದು ಗೊತ್ತಾಯಿತು. ಶಹಾಡ್‌ನ ಒಂದು ಕಾರ್ಖಾನೆಯಲ್ಲಿ ಕೆಲಸವಂತೆ.

ಸೊಸೈಟಿಯವರಿಗೂ ಒಂದು ಬಲಿ ಬೇಕಿತ್ತು. ಹಾರ ಹಾಕಿದ ಕಾರ್ಯದರ್ಶಿಯೇ, "ಬಾಗಿಲು ಬೇಕು ಅಂತ ಕುಣಿದದ್ದು ಯಾರು?" ಎಂದು ಮೀಟಿಂಗಿನಲ್ಲಿ ಕೇಳಿದ. ನೂರಾ ಎಂಬತ್ತು ಸಹಿಯಲ್ಲಿ ಒಂದೂ ಬಾಯಿ ತೆರೆಯಲಿಲ್ಲ. ಪ್ರಫುಲ್ಲಾ ಅಂದಿನಿಂದ ಮೀಟಿಂಗಿಗೆ ಹೋಗುವುದನ್ನು ಬಿಟ್ಟಳು, ಅರ್ಜಿ ಬರೆಯುವುದನ್ನೂ ಬಿಟ್ಟಳು. ಬಾಗಿಲಿಗೆ ಮತ್ತೆ ತಗಡು ಬಡಿದರು.

ಸೈಟ್ ಆಫೀಸಿನ ಡಬ್ಬಿಗಳು ಮಾತ್ರ ನಿಲ್ಲಲಿಲ್ಲ. ಅವಳು ಚೌಕ ಸುತ್ತಿ ಹೋಗಿ ಕೊಡುತ್ತಿದ್ದಳು. ಗಾವಂಡ್ ಈಗಲೂ ಕುರ್ಚಿ ಹಾಕಿಸುತ್ತಿದ್ದ. ಮುಂದಿನ ವರ್ಷ ಕಂಪನಿ ಕೆಲಸವನ್ನು ಅರ್ಧಕ್ಕೆ ಬಿಟ್ಟು ಹೋಯಿತು. ಗಾವಂಡನೂ ಹೋದ, ಹೇಳಿಯೂ ಹೋಗಲಿಲ್ಲ. ಕಬ್ಬಿಣದ ಸರಳುಗಳು ಕಂಬದ ತಲೆಯಲ್ಲಿ ತುಕ್ಕು ಹಿಡಿದು ನಿಂತವು. ಮಳೆಗಾಲಕ್ಕೆ ಪಾಯದ ಗುಂಡಿಗಳಲ್ಲಿ ನೀರು ನಿಂತು, ಸೆಕ್ಟರಿಗೆಲ್ಲ ಡೆಂಗ್ಯೂ ಬಂತು. ಬೇರೆ ಕಂತ್ರಾಟದವರು ಬರಲು ಎರಡು ವರ್ಷವಾಯಿತು. ಅವರು ನಕ್ಷೆ ಬಿಚ್ಚಿ ನೋಡಿದರೆ ಸ್ಟೇಶನ್ನಿನ ಮೆಟ್ಟಿಲು ಇಳಿಯುವುದು ಸರಿಯಾಗಿ ಪ್ರಫುಲ್ಲಾಳ ಶೆಡ್ಡಿನ ಜಾಗಕ್ಕೆ. ಹದಿನೇಳರ ಜನವರಿಯಲ್ಲಿ ಒಂದು ಬೆಳಿಗ್ಗೆ ಜೆಸಿಬಿ ಬಂದು ಇಪ್ಪತ್ತು ನಿಮಿಷದಲ್ಲಿ ಶೆಡ್ ಎಳೆದು ಹಾಕಿತು. ಒಂದು ಒಲೆ ಉಳಿಸಿಕೊಳ್ಳಲು ಓಡಿದಾಗ ಅವಳ ಮೊಣಕೈ ಸುಟ್ಟಿತು.

ಅದೇ ವರ್ಷದ ಜುಲೈಯಲ್ಲಿ ಕೋರ್ಟಿನ ಸಮನ್ಸ್ ಬಂತು. ಹುಲಗಪ್ಪ ಪರಿಹಾರಕ್ಕೆ ಹಾಕಿದ್ದ ಕೇಸು ನಾಲ್ಕು ವರ್ಷದ ಮೇಲೆ ಸಾಕ್ಷಿಗೆ ಬಂದಿತ್ತು. ಮೂರು ರಾತ್ರಿ ಪ್ರಫುಲ್ಲಾಳಿಗೆ ನಿದ್ದೆ ಹತ್ತಲಿಲ್ಲ. ನಾಲ್ಕನೇ ದಿನ ಎದ್ದು ಸ್ನಾನ ಮಾಡಿ ಭುಜಂಗನಿಗೆ, "ಇದ್ದದ್ದು ಇದ್ದ ಹಾಗೆ ಹೇಳಿಬಿಡ್ತೇನೆ" ಎಂದಳು. ಅವನು, "ನಾಲ್ಕು ವರ್ಷ ಆಯ್ತು" ಎಂದಷ್ಟೇ ಅಂದ.

ಕೋರ್ಟಿನಲ್ಲಿ ಅವಳು ನಿಜವಾಗಿಯೂ ಹೇಳಿದಳು. ಎರಡೂ ಕೈಯಲ್ಲಿ ಚೀಲವಿತ್ತು, ಫೋನಿನಲ್ಲಿದ್ದವಳು ನಾನು, ಬಾವುಟದವನಿರಲಿಲ್ಲ, ಗಾಡಿ ಹಾರ್ನ್ ಮಾಡಲಿಲ್ಲ. ಒಂದೇ ಉಸಿರಿಗೆ ಹೇಳಿ ಮುಗಿಸಿ, ಎದೆಯ ಮೇಲಿನ ಕಲ್ಲು ಇಳಿದಂತಾಗಿ, ಹಿಂದೆ ತಿರುಗಿ ಹುಲಗಪ್ಪನನ್ನು ಹುಡುಕಿದಳು. ಆಗ ಗಾಡಿಯ ವಿಮೆ ಕಂಪನಿಯ ವಕೀಲೆ ಎದ್ದಳು. ಕೂದಲು ನರೆತ ಹೆಂಗಸು, ಮೃದು ದನಿ.

"ಪೊಲೀಸರ ಮುಂದೆ ಫೋನ್ ಎಂದಿರಿ. ಯಾವ ಕೈ ಅಂತಲೂ ಹೇಳಿದಿರಿ. ಇದು ನಿಮ್ಮ ಸಹಿ ತಾನೇ?"

"ಹೌದು."

"ಆಗ ಸುಳ್ಳು ಹೇಳಿದಿರಾ, ಈಗ ಸುಳ್ಳು ಹೇಳ್ತಿದ್ದೀರಾ?"

"ಆಗ."

"ಯಾಕೆ?"

"ಹೆದರಿಕೆಗೆ. ಅಂಗಡಿಯ ಶೆಡ್ ಹೋಗುತ್ತದೆ ಅಂತ."

"ಈಗ ಆ ಶೆಡ್ ಇದೆಯಾ?"

"ಇಲ್ಲ."

"ತೆಗೆದದ್ದು ಮೆಟ್ರೋದವರು?"

"ಹೌದು."

"ಹಾಗಾದರೆ ಅವರ ಮೇಲೆ ನಿಮಗೆ ಸಿಟ್ಟಿದೆ."

ಅವಳು ಏನೋ ಹೇಳಹೊರಟಳು. ವಕೀಲೆ ಆಗಲೇ ಕೂತಿದ್ದಳು.

ಹೊರಗೆ ವರಾಂಡದಲ್ಲಿ ಹುಲಗಪ್ಪ ನಿಂತಿದ್ದ. ಕೂದಲೆಲ್ಲ ಬೆಳ್ಳಗಾಗಿತ್ತು. ಪಕ್ಕದಲ್ಲಿ ಶಾಲೆಯ ಸಮವಸ್ತ್ರದಲ್ಲಿ ಪೂಜಿತಾ, ಅಪ್ಪನಿಗಿಂತ ಎತ್ತರ. ಪ್ರಫುಲ್ಲಾ ಹತ್ತಿರ ಹೋಗಿ, "ಹುಲಗಪ್ಪ, ಇವತ್ತು ನಿಜ ಹೇಳಿದೆ" ಎಂದಳು. ಅವಳ ಕಣ್ಣು ತುಂಬಿತ್ತು.

ಹುಲಗಪ್ಪ ಅವಳನ್ನು ದಿಟ್ಟಿಸಿದ. "ಶೆಡ್ ಹೋದ ಮ್ಯಾಲ ಖರೇ ನೆನಪಾತೇನ್ರಿ ಅಕ್ಕಾರ?"

ಶೆಡ್ ಇದ್ದಿದ್ದರೆ ಹೇಳುತ್ತಿದ್ದೆನೋ ಇಲ್ಲವೋ ಎಂದು ಅವಳು ಆಮೇಲೆ ಎಷ್ಟೋ ಸಲ ತನ್ನನ್ನೇ ಕೇಳಿಕೊಂಡಳು. ಹೇಳುತ್ತಿದ್ದೆ ಎಂದು ಒಮ್ಮೆಯೂ ಗಟ್ಟಿಯಾಗಿ ಅನ್ನಿಸಲಿಲ್ಲ. ಪೂಜಿತಾ ಅಪ್ಪನ ತೋಳು ಹಿಡಿದು, "ಪಪ್ಪಾ, ಚಲೋ. ಗಾಡೀ ಛೂಟ್ ಜಾಯೇಗೀ" ಎಂದು ರೈಲು ತಪ್ಪುವ ಅವಸರದಲ್ಲಿ ಹಿಂದಿಯಲ್ಲಿ ಹೇಳಿದಳು.

ತೀರ್ಪಿನ ದಿನ ಯಾರೂ ಕರೆಯದಿದ್ದರೂ ಪ್ರಫುಲ್ಲಾ ಹೋದಳು. ಒಳಗೆ ಹೋಗುವ ಧೈರ್ಯವಾಗದೆ ಮೆಟ್ಟಿಲ ತಿರುವಿನಲ್ಲಿ ನಿಂತಳು. ಸಾಕ್ಷಿ ಮಾತು ಬದಲಿಸಿದ್ದರಿಂದ ಅವಳ ಎರಡನೇ ಹೇಳಿಕೆಯನ್ನು ನಂಬಲಾಗದು ಎಂದು ನ್ಯಾಯಾಧೀಶರು ತಳ್ಳಿಹಾಕಿದ್ದರು. ಪೊಲೀಸರ ಕಾಗದದಲ್ಲಿದ್ದದ್ದೇ ಉಳಿಯಿತು. ಪರಿಹಾರ ಅರ್ಧಕ್ಕೆ ಇಳಿಯಿತು.

ತೀರ್ಪು ಇಂಗ್ಲಿಷಿನಲ್ಲಿತ್ತು. ಹುಲಗಪ್ಪನಿಗೆ ಓದಲು ಬಾರದು. ಅವನ ಪರ ವಕೀಲ ಬೇರೆ ಕೇಸಿಗೆ ಓಡಿದ್ದ. ತಿರುವಿನ ಕೆಳಗಿನ ಮೆಟ್ಟಿಲ ಮೇಲೆ ಅಪ್ಪನ ಪಕ್ಕ ಕೂತು ಪೂಜಿತಾ ಹಾಳೆ ತಿರುವುತ್ತಿದ್ದಳು. ಹಿಂದಿಯಲ್ಲಿ ಶುರು ಮಾಡಿದವಳು, ಅಪ್ಪ "ತಿಳಿಲಿಲ್ಲವ್ವ" ಎಂದಾಗ ನಿಲ್ಲಿಸಿ, ಅಷ್ಟಾಗಿ ಬಾರದ ಕನ್ನಡದಲ್ಲಿ ಒಂದೊಂದೇ ಪದ ಹುಡುಕಿ ಹೇಳತೊಡಗಿದಳು.

"ಸತ್ತಾಕಿ... ಫೋನ್‌ದಾಗ ಮಾತಾಡಾಕತ್ತಿದ್ಲು. ಲಕ್ಷ್ಯ ಇರಲಿಲ್ಲ. ಅದಕ್ಕ ಅರ್ಧಾ ತಪ್ಪು..." ಅವಳು ಬೆರಳಿನಿಂದ ಸಾಲನ್ನು ಮತ್ತೊಮ್ಮೆ ಹಿಡಿದಳು. "ಅರ್ಧಾ ತಪ್ಪು ಆಕೀದ."

"ಆಕಿ ಅಂದ್ರ?" ಎಂದ ಹುಲಗಪ್ಪ.

"ಅವ್ವಂದು, ಪಪ್ಪಾ."

ತಿರುವಿನಲ್ಲಿ ನಿಂತಿದ್ದ ಪ್ರಫುಲ್ಲಾ ಅವರನ್ನು ದಾಟದೆ ಕೆಳಗೆ ಇಳಿಯುವಂತಿರಲಿಲ್ಲ. ಅವರು ಎದ್ದು ಹೋಗುವವರೆಗೆ, ಮುಕ್ಕಾಲು ಗಂಟೆ, ಗೋಡೆಗೆ ಒತ್ತಿಕೊಂಡು ಅಲ್ಲೇ ನಿಂತಳು.